ಕಾಫಿ ವರ್ತಕರಿಗೆ ಸ್ವಂತ ಜಾಲತಾಣ: ವಿನ್ಯಾಸ, ಹೊಂದಾಣಿಕೆ ಮತ್ತು ಲೆಕ್ಕಪತ್ರ

ಕಾಫಿಯ ಮಾರಾಟವು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹ ವ್ಯವಸ್ಥೆಯ ಮೂಲಕವೇ ನಡೆಯುತ್ತಿದ್ದ ಕಾಲದಲ್ಲಿ ಬೆಳೆಗಾರನಿಗೆ ಗ್ರಾಹಕನ ಪರಿಚಯದ ಅಗತ್ಯವೇ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆದುಬಂದ ಆ ವ್ಯವಸ್ಥೆಯು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ದೊರೆಯಿತು. ಅದೇ 1996ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಮಳಿಗೆಯಲ್ಲಿ ಕಾಫಿಯೊಡನೆ ಅಂತರಜಾಲ ಸೌಲಭ್ಯವನ್ನೂ ಒದಗಿಸಲಾಗಿತ್ತು. ಕಾಫಿಗೂ ಅಂತರಜಾಲಕ್ಕೂ ಈ ಜಿಲ್ಲೆಯ ಮಟ್ಟಿಗೆ ಅಂದಿನಿಂದಲೇ ನಂಟು ಬೆಳೆದಿದೆ ಎನ್ನಬಹುದು.

ಇಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ತಮ್ಮದೇ ಹೆಸರಿನಲ್ಲಿ ಮಾರುವ ಸಣ್ಣ ಉದ್ದಿಮೆದಾರರಿದ್ದಾರೆ. ಕಾಳುಮೆಣಸು, ಏಲಕ್ಕಿ, ಜೇನುತುಪ್ಪವನ್ನೂ ಜೊತೆಗಿರಿಸಿ ಮಾರುವವರಿದ್ದಾರೆ. ಇಂಥವರಿಗೆ ಸ್ವಂತ ಜಾಲತಾಣವು ದೂರದ ಗ್ರಾಹಕನಿಗೆ ತೆರೆದ ಅಂಗಡಿಯ ಬಾಗಿಲು. ಆದರೆ ಬಾಗಿಲನ್ನು ಎಷ್ಟು ಅಗಲಕ್ಕೆ ತೆರೆಯಬೇಕು, ಒಳಗೆ ಏನನ್ನು ಬರೆದಿಡಬೇಕು, ಬಂದ ಹಣವನ್ನು ಪುಸ್ತಕದಲ್ಲಿ ಹೇಗೆ ಕಾಣಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸದಿದ್ದಲ್ಲಿ, ತಾಣದ ಒಂದು ಸಣ್ಣ ಆಯ್ಕೆಯೂ ವರ್ಷದ ತೆರಿಗೆ ಲೆಕ್ಕವನ್ನು ಬದಲಾಯಿಸಬಲ್ಲದು. ಈ ಎರಡೂ ಮುಖಗಳನ್ನು ಒಟ್ಟಿಗೆ ವಿವರಿಸುವುದು ಈ ಪಾಠದ ಉದ್ದೇಶ.

1. ಮೂರು ಆಧಾರಗಳು

ಯಾವುದೇ ಜಾಲತಾಣಕ್ಕೆ ಮೂರು ಆಧಾರಗಳು ಬೇಕು: ಹೆಸರು, ಸ್ಥಳ ಮತ್ತು ತಂತ್ರಾಂಶ.

ಹೆಸರು ಎಂದರೆ ಡೊಮೈನ್. ಭಾರತದ ‘ಡಾಟ್ ಇನ್’ ಹೆಸರುಗಳ ದಾಖಲೆಯನ್ನು ನಿಕ್ಸಿ ಎಂಬ ಸಂಸ್ಥೆ ನಿರ್ವಹಿಸುತ್ತದೆ. ಅಧಿಕೃತ ನೋಂದಣಿದಾರರ ಮೂಲಕ ಹೆಸರನ್ನು ಪಡೆಯಬೇಕು. ‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲಿಯೂ ಹೆಸರು ಪಡೆಯಲು ಅವಕಾಶವಿದೆ. ಹೆಸರನ್ನು ಕೊಂಡುಕೊಳ್ಳುವುದಿಲ್ಲ, ನಿಗದಿತ ಅವಧಿಗೆ ಪಡೆಯುತ್ತೇವೆ ಎಂಬುದನ್ನು ಮರೆಯಬಾರದು. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ ಅದು ಅನ್ಯರ ಪಾಲಾಗಬಹುದು. ಅನೇಕ ವೇಳೆ ತಾಣವನ್ನು ಸಿದ್ಧಪಡಿಸಿಕೊಡುವವನೇ ತನ್ನ ಹೆಸರಿನಲ್ಲಿ, ತನ್ನ ಇ-ಮೇಲ್ ವಿಳಾಸದಲ್ಲಿ ಡೊಮೈನನ್ನು ನೋಂದಾಯಿಸಿಬಿಡುತ್ತಾನೆ. ಇದು ಅಂಗಡಿಯ ಬಾಡಿಗೆ ಕರಾರನ್ನು ಬಡಗಿಯ ಹೆಸರಿನಲ್ಲಿ ಬರೆಸಿದಂತೆ. ನೋಂದಣಿಯು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇ-ಮೇಲ್ ಮತ್ತು ದೂರವಾಣಿಯೊಂದಿಗೆ ಇರತಕ್ಕದ್ದು.

ಸ್ಥಳ ಎಂದರೆ ಹೋಸ್ಟಿಂಗ್. ತಾಣದ ಕಡತಗಳು ಉಳಿಯುವ ಗಣಕದಲ್ಲಿ ಬಾಡಿಗೆಗೆ ಪಡೆದ ಜಾಗ. ಸಣ್ಣ ವರ್ತಕನಿಗೆ ಹಂಚಿಕೆಯ ಹೋಸ್ಟಿಂಗ್ ಸಾಕು. ಒಪ್ಪುವ ಮುನ್ನ ಮೂರನ್ನು ವಿಚಾರಿಸಬೇಕು: ದಿನನಿತ್ಯ ಪ್ರತಿ ತೆಗೆದಿಡುವ ವ್ಯವಸ್ಥೆ ಇದೆಯೆ, ಸುರಕ್ಷತಾ ಪ್ರಮಾಣಪತ್ರ ಉಚಿತವೆ, ಎರಡನೆಯ ವರ್ಷದ ನವೀಕರಣ ದರವೆಷ್ಟು. ಮೊದಲ ವರ್ಷದ ರಿಯಾಯಿತಿ ದರವನ್ನು ನೋಡಿ ಮೋಸಹೋಗಬಾರದು.

ತಂತ್ರಾಂಶಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು ವರ್ಡ್‌ಪ್ರೆಸ್. 2003ರಲ್ಲಿ ಹೊರಬಂದ ಇದು ಮುಕ್ತ ಪರವಾನಗಿಯ ತಂತ್ರಾಂಶ. ಇದಕ್ಕೆ ಬೆಲೆ ತೆರಬೇಕಾಗಿಲ್ಲ. ಸರಕನ್ನು ಮಾರಲು ‘ವೂಕಾಮರ್ಸ್’ ಎಂಬ ಪೂರಕ ತಂತ್ರಾಂಶವನ್ನು ಇದಕ್ಕೆ ಜೋಡಿಸಬಹುದು. ಹೆಚ್ಚಿನ ಹೋಸ್ಟಿಂಗ್ ಸಂಸ್ಥೆಗಳಲ್ಲಿ ಕೆಲವೇ ನಿಮಿಷಗಳಲ್ಲಿ ಇದನ್ನು ಸ್ಥಾಪಿಸಿಕೊಳ್ಳಬಹುದು. ನಿಜವಾದ ಕೆಲಸ ಆರಂಭವಾಗುವುದು ಅದರ ನಂತರ.

2. ವಿನ್ಯಾಸದ ಆಯ್ಕೆ

ವರ್ಡ್‌ಪ್ರೆಸ್‌ನಲ್ಲಿ ತಾಣದ ವಿಷಯ ಒಂದೆಡೆ, ಅದರ ತೋರಿಕೆ ಇನ್ನೊಂದೆಡೆ ಇರುತ್ತವೆ. ತೋರಿಕೆಯನ್ನು ನಿರ್ಧರಿಸುವ ಕಡತಗಳ ಕಟ್ಟಿಗೆ ಥೀಮ್ ಎಂದು ಹೆಸರು. ಗೋದಾಮಿನ ಸರಕನ್ನು ಕದಲಿಸದೆ ಅಂಗಡಿಯ ಮುಂಭಾಗವನ್ನು ಬದಲಾಯಿಸುವಂತೆ, ಬರಹ ಮತ್ತು ಚಿತ್ರಗಳನ್ನು ಉಳಿಸಿಕೊಂಡು ಥೀಮನ್ನು ಬದಲಾಯಿಸಬಹುದು. 2005ರ ಆವೃತ್ತಿಯಲ್ಲಿ ಬಂದ ಈ ಅನುಕೂಲವೇ ವರ್ಡ್‌ಪ್ರೆಸ್ ಜನಪ್ರಿಯವಾಗಲು ಒಂದು ಕಾರಣ.

ಥೀಮನ್ನು ಆರಿಸುವಾಗ ಸೊಬಗಿಗಿಂತ ಮೊದಲು ಪರೀಕ್ಷಿಸಬೇಕಾದ ಅಂಶಗಳಿವು:

(ಅ) ಮೊಬೈಲಿನಲ್ಲಿ ಹೇಗೆ ಕಾಣುತ್ತದೆ? ಬಹುಪಾಲು ಗ್ರಾಹಕರು ಮೊಬೈಲಿನಲ್ಲಿಯೇ ತಾಣವನ್ನು ತೆರೆಯುತ್ತಾರೆ.

(ಆ) ಎಷ್ಟು ಹಗುರ? ಮಳೆಗಾಲದಲ್ಲಿ ಕಳಸದ ಕಡೆ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಹೇಗಿರುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ತಾಣವನ್ನು ತಿದ್ದಬೇಕಾದ ಮಾಲೀಕನಿಗೂ, ಪ್ರವಾಸಕ್ಕೆ ಬಂದು ಬಾಳೂರಿನಲ್ಲೋ ಕೊಟ್ಟಿಗೆಹಾರದಲ್ಲೋ ನಿಂತು ಹುಡುಕುವ ಗ್ರಾಹಕನಿಗೂ ಭಾರವಾದ ಪುಟ ತೆರೆಯುವುದಿಲ್ಲ. ಜಾರುವ ಚಿತ್ರಗಳು, ಹಿನ್ನೆಲೆಯ ಚಲನಚಿತ್ರಗಳಿರುವ ಥೀಮುಗಳನ್ನು ಬಿಡುವುದೇ ಲೇಸು. ಮೊಬೈಲಿನಿಂದ ತೆಗೆದ ಛಾಯಾಚಿತ್ರವು ಮೂರು ನಾಲ್ಕು ಎಂ.ಬಿ. ಇರಬಹುದು, ಅದನ್ನು 200 ಕೆ.ಬಿ.ಯ ಒಳಗೆ ಇಳಿಸಿಯೇ ತಾಣಕ್ಕೆ ಸೇರಿಸಬೇಕು.

(ಇ) ಕೊನೆಯ ಪರಿಷ್ಕರಣೆ ಯಾವಾಗ ಆಗಿದೆ? ಎರಡು ಮೂರು ವರ್ಷಗಳಿಂದ ಯಾರೂ ಮುಟ್ಟದ ಥೀಮ್ ಬೀಗವಿಲ್ಲದ ಬಾಗಿಲಿದ್ದಂತೆ.

(ಈ) ಎಲ್ಲಿಂದ ಬಂದಿದೆ? ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿರುವ ಉಚಿತ ಥೀಮುಗಳು ಪರಿಶೀಲನೆಗೆ ಒಳಪಟ್ಟವು. ಹಣ ಕೊಟ್ಟು ಕೊಳ್ಳುವ ಥೀಮನ್ನು ಮಾರಾಟಗಾರನಿಂದಲೇ ಪಡೆಯಬೇಕು. ಅದೇ ಥೀಮನ್ನು ‘ಉಚಿತ’ವಾಗಿ ಹಂಚುವ ಅನಧಿಕೃತ ತಾಣಗಳ ಪ್ರತಿಗಳಲ್ಲಿ ಗುಪ್ತ ಸಂಕೇತಗಳನ್ನು ಸೇರಿಸಿರುವುದುಂಟು, ಗ್ರಾಹಕರ ವಿವರ ಅವುಗಳ ಮೂಲಕ ಸೋರಿಹೋಗುತ್ತದೆ.

3. ಹೊಂದಾಣಿಕೆ: ಮೂಲ ಕಡತವನ್ನು ಮುಟ್ಟದಿರುವುದು

ಥೀಮನ್ನು ಸಂಸ್ಥೆಗೆ ತಕ್ಕಂತೆ ಮಾರ್ಪಡಿಸುವುದಕ್ಕೆ ಮೂರು ಹಂತಗಳಿವೆ. ಲಾಂಛನ, ಬಣ್ಣ, ಅಕ್ಷರಶೈಲಿ, ಮೆನು, ಅಡಿಬರಹ ಇವುಗಳನ್ನು ವರ್ಡ್‌ಪ್ರೆಸ್ ಒದಗಿಸುವ ಪರದೆಯಲ್ಲಿಯೇ ಬದಲಾಯಿಸಬಹುದು. ಹಳೆಯ ಬಗೆಯ ಥೀಮುಗಳಲ್ಲಿ ಇದಕ್ಕೆ ‘ಕಸ್ಟಮೈಜ್’ ಎಂಬ ಪರದೆ ಇದೆ. 2022ರ ಜನವರಿಯಲ್ಲಿ ಬಂದ 5.9ನೆಯ ಆವೃತ್ತಿಯಿಂದ ಈಚಿನ ಬ್ಲಾಕ್ ಥೀಮುಗಳಲ್ಲಿ ‘ಎಡಿಟರ್’ ಎಂಬ ಪರದೆಯಲ್ಲಿ ಇಡೀ ತಾಣದ ತಲೆಬರಹ, ಅಡಿಬರಹಗಳನ್ನು ತಿದ್ದಬಹುದು. ಇಲ್ಲಿ ಮಾಡಿದ ಬದಲಾವಣೆಗಳು ದತ್ತಸಂಚಯದಲ್ಲಿ ಉಳಿಯುತ್ತವೆ. ಥೀಮ್ ಪರಿಷ್ಕರಣೆಯಾದರೂ ಅಳಿಯುವುದಿಲ್ಲ.

ಎರಡನೆಯ ಹಂತವೆಂದರೆ, ಅದೇ ಪರದೆಯಲ್ಲಿ ‘ಹೆಚ್ಚುವರಿ ಸಿ.ಎಸ್.ಎಸ್.’ ಎಂಬ ಜಾಗದಲ್ಲಿ ನಾಲ್ಕಾರು ಸಾಲುಗಳನ್ನು ಬರೆದು ಅಕ್ಷರಗಳ ಗಾತ್ರವನ್ನೋ ಅಂತರವನ್ನೋ ಹೊಂದಿಸುವುದು.

ಮೂರನೆಯದು ಥೀಮಿನ ಕಡತಗಳನ್ನೇ ಬದಲಾಯಿಸುವುದು. ಅನೇಕರು ಎಡವುವುದು ಇಲ್ಲಿಯೇ. ಮೂಲ ಕಡತವನ್ನು ನೇರವಾಗಿ ತಿದ್ದಿದರೆ, ಮುಂದಿನ ಪರಿಷ್ಕರಣೆಯಲ್ಲಿ ಹೊಸ ಕಡತವು ಅದರ ಸ್ಥಾನಕ್ಕೆ ಬಂದು ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ. ಅಳಿಯಬಾರದೆಂದು ಪರಿಷ್ಕರಿಸದೆ ಬಿಟ್ಟರೆ ಭದ್ರತೆಯ ಲೋಪಗಳು ಹಾಗೆಯೇ ಉಳಿಯುತ್ತವೆ. ಇದಕ್ಕೆ ಪರಿಹಾರ ‘ಚೈಲ್ಡ್ ಥೀಮ್’, ಅಂದರೆ ಉಪವಿನ್ಯಾಸ. ಪ್ರತ್ಯೇಕ ಕಡತಕೋಶವೊಂದನ್ನು ತೆರೆದು, ಅದರ ಶೈಲಿ ಕಡತದ ಆರಂಭದಲ್ಲಿ ‘ಟೆಂಪ್ಲೇಟ್’ ಎಂಬ ಸಾಲಿನ ಮುಂದೆ ಮೂಲ ಥೀಮಿನ ಕಡತಕೋಶದ ಹೆಸರನ್ನು ನಮೂದಿಸಿದರೆ, ವರ್ಡ್‌ಪ್ರೆಸ್ ಮೊದಲು ಉಪವಿನ್ಯಾಸವನ್ನು ನೋಡಿ, ಅಲ್ಲಿ ಇಲ್ಲದ್ದನ್ನು ಮಾತ್ರ ಮೂಲದಿಂದ ತೆಗೆದುಕೊಳ್ಳುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಮೂಲ ನಮೂದನ್ನು ಅಳಿಸಿ ಬರೆಯುವ ಬದಲು ಪ್ರತ್ಯೇಕ ಹೊಂದಾಣಿಕೆಯ ನಮೂದನ್ನು ಬರೆಯುವ ಕ್ರಮವಿದು. ಕೆಲಸವನ್ನು ಅನ್ಯರಿಗೆ ವಹಿಸುವಾಗ ಬದಲಾವಣೆಗಳು ಉಪವಿನ್ಯಾಸದಲ್ಲಿಯೇ ಇರಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸುವುದು ಒಳ್ಳೆಯದು.

ಕರಾರಿನಲ್ಲಿ ಇನ್ನೊಂದು ಅಂಶವೂ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಹೊರಗಿನ ಗುತ್ತಿಗೆದಾರನು ಬರೆದ ಬರಹ ಮತ್ತು ತಂತ್ರಾಂಶ ಸಂಕೇತಗಳ ಮೊದಲ ಸ್ವಾಮ್ಯ ಸಾಮಾನ್ಯವಾಗಿ ಅವನದೇ. ಹಣ ಕೊಟ್ಟ ಮಾತ್ರಕ್ಕೆ ಅದು ವರ್ತಕನಿಗೆ ಬರುವುದಿಲ್ಲ. ಲಿಖಿತ ವರ್ಗಾವಣೆ ಬೇಕು. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳಿಗೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ.

4. ಕನ್ನಡ ಬರಹದ ವಿಶೇಷಗಳು

ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಗಣಕದಲ್ಲಿ ಕನ್ನಡದ ಬಳಕೆಗಾಗಿ ದನಿಯೆತ್ತಿದವರು. 2007ರಲ್ಲಿ ಅವರು ನಿಧನರಾದ ನಂತರ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಥೀಮುಗಳು ಬಹುತೇಕ ರೋಮನ್ ಲಿಪಿಯನ್ನು ಕಣ್ಣಮುಂದಿಟ್ಟುಕೊಂಡೇ ತಯಾರಾಗುತ್ತವೆ. ಆದ್ದರಿಂದ ಕೆಲವು ಹೊಂದಾಣಿಕೆಗಳು ಅಗತ್ಯ.

ಮೊದಲನೆಯದಾಗಿ, ಬರಹವು ಯುನಿಕೋಡ್‌ನಲ್ಲಿ ಇರಬೇಕು. ಅನೇಕ ಕಚೇರಿಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ದರಪಟ್ಟಿಗಳಿವೆ. ಅವನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಗ್ರಾಹಕನಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹುಡುಕುಯಂತ್ರಕ್ಕೂ ಅದು ಕನ್ನಡವೆಂದು ತಿಳಿಯದು. ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿನಿಂದ ಪರಿಶೀಲಿಸಬೇಕು.

ಎರಡನೆಯದಾಗಿ, ಥೀಮಿನ ಮೂಲ ಅಕ್ಷರಶೈಲಿಯಲ್ಲಿ ಕನ್ನಡ ಇರುವುದು ಅಪರೂಪ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಮುಂತಾದ ಮುಕ್ತ ಅಕ್ಷರಶೈಲಿಗಳನ್ನು ಸೇರಿಸಿಕೊಳ್ಳಬಹುದು.

ಮೂರನೆಯದಾಗಿ, ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ರೋಮನ್ ಲಿಪಿಗೆ ಸಾಕಾಗುವ ಸಾಲಿನ ಅಂತರದಲ್ಲಿ ‘ಚಿಕ್ಕಮಗಳೂರು’ ಎಂಬುದರ ಒತ್ತು ಕೆಳಗಿನ ಸಾಲಿಗೆ ತಾಗಬಹುದು. ಸಾಲಿನ ಅಂತರವನ್ನು ಅಕ್ಷರಗಾತ್ರದ 1.6ರಿಂದ 1.8ರಷ್ಟು ಇರಿಸಿದರೆ ಓದಲು ಹಿತ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುವ ಆಯ್ಕೆಯನ್ನು ಶೂನ್ಯಕ್ಕೆ ಇಳಿಸಬೇಕು. ಓರೆ ಅಕ್ಷರಗಳನ್ನು ಬಿಟ್ಟು, ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರ ಬಳಸುವುದು ಸೂಕ್ತ.

5. ಕಾನೂನು ಕೇಳುವ ವಿವರಗಳು

ಥೀಮಿನ ಅಡಿಬರಹ ಮತ್ತು ಸರಕಿನ ಪುಟಗಳನ್ನು ಅಲಂಕಾರದ ಜಾಗವೆಂದು ಬಗೆಯದೆ ಕಾನೂನಿನ ಫಲಕವೆಂದು ಬಗೆಯಬೇಕು.

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ ವಿವರ ಹಾಗೂ ದೂರು ಅಧಿಕಾರಿಯ ಹೆಸರು ತಾಣದಲ್ಲಿ ಇರಬೇಕು. ದೂರನ್ನು ಸ್ವೀಕರಿಸಿದ ಬಗ್ಗೆ 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕನ ಒಪ್ಪಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿಡುವಂತಿಲ್ಲ; ಕೆಲವು ಥೀಮುಗಳಲ್ಲಿ ಇದು ತಾನಾಗಿಯೇ ಇರುತ್ತದೆ, ತೆಗೆದುಹಾಕಬೇಕು.

2011ರ ಕಾನೂನುಬದ್ಧ ಮಾಪನಶಾಸ್ತ್ರ (ಪೊಟ್ಟಣ ಸರಕು) ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, 2018ರ ಜನವರಿ 1ರಿಂದ ಪೊಟ್ಟಣದ ಮೇಲಿರಬೇಕಾದ ಘೋಷಣೆಗಳು ತಾಣದ ಪುಟದಲ್ಲಿಯೂ ಇರಬೇಕು: ತಯಾರಕರ ಹೆಸರು ಮತ್ತು ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ, ಗರಿಷ್ಠ ಚಿಲ್ಲರೆ ಬೆಲೆ, ಗ್ರಾಹಕ ಸಂಪರ್ಕ ಮುಂತಾದವು. ತಯಾರಿಕೆಯ ತಿಂಗಳು ಮತ್ತು ವರ್ಷಕ್ಕೆ ಮಾತ್ರ ವಿನಾಯಿತಿ ಇದೆ. ಆದರೂ ಹುರಿದ ದಿನಾಂಕವನ್ನು ತಿಳಿಸುವುದು ವ್ಯಾಪಾರಕ್ಕೆ ಹಿತಕರ, ಏಕೆಂದರೆ ಹುರಿದ ಕಾಫಿಯ ಪರಿಮಳ ದಿನಗಳೆದಂತೆ ಇಳಿಯುತ್ತದೆ.

ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕೆ ಕಡಿಮೆ ಇರಬಾರದೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಶೇಕಡಾವಾರು ವಿವರವನ್ನು ಪೊಟ್ಟಣದ ಮೇಲೆ ಇರುವಂತೆಯೇ ತಾಣದಲ್ಲಿಯೂ ನಮೂದಿಸಬೇಕು. ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯೂ ಇರಲಿ.

ಸರಕಿನ ಹೆಸರಿನಲ್ಲಿಯೂ ಎಚ್ಚರ ಬೇಕು. ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 1999ರ ಕಾಯ್ದೆಯಂತೆ ಈ ಸೂಚಕವನ್ನು ಸರಕಿನ ಮೇಲೆ ಬಳಸುವ ಹಕ್ಕು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ ಇರುತ್ತದೆ. ಥೀಮಿನ ದೊಡ್ಡ ಶೀರ್ಷಿಕೆಯಲ್ಲಿ ಈ ಹೆಸರುಗಳನ್ನು ಬರೆಯುವ ಮುನ್ನ ನೋಂದಣಿಯ ಬಗ್ಗೆ ಕಾಫಿ ಮಂಡಳಿಯಲ್ಲಿ ವಿಚಾರಿಸುವುದು ಉಚಿತ.

ಗ್ರಾಹಕರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತಿವೆ. ಕಾಫಿ ಕಳುಹಿಸಲು ಬೇಕಿಲ್ಲದ ವಿವರವನ್ನು, ಉದಾಹರಣೆಗೆ ಜನ್ಮದಿನಾಂಕವನ್ನು, ಕೇಳದಿರುವುದೇ ಸುಲಭದ ಮಾರ್ಗ.

6. ಮಾರಾಟದ ಗಡಿ ಎಂಬ ಒಂದು ಆಯ್ಕೆ

ಈ ಪಾಠದಲ್ಲಿ ಅತಿ ಮುಖ್ಯವಾದ ಭಾಗವಿದು. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಮೂಡಿಗೆರೆಯಲ್ಲಿ ಕಾಫಿ ಹುರಿದು ಪುಡಿ ಮಾಡುವ ಪಾಲುದಾರಿಕೆ ಸಂಸ್ಥೆಯೊಂದರ ವಾರ್ಷಿಕ ವಹಿವಾಟು 60 ಲಕ್ಷ ರೂಪಾಯಿ, ಮಾರಾಟವೆಲ್ಲ ಕರ್ನಾಟಕದೊಳಗೆ. ಸಂಸ್ಥೆಯು ಜಿ.ಎಸ್.ಟಿ.ಯ ರಾಜಿ ತೆರಿಗೆ ಪದ್ಧತಿಯಲ್ಲಿ, ಅಂದರೆ ವರ್ತಕರ ಮಾತಿನ ‘ಕಾಂಪೊಸಿಷನ್’ನಲ್ಲಿ ಇದೆ. ತೆರಿಗೆ ವಹಿವಾಟಿನ ಶೇ. 1ರಂತೆ ವರ್ಷಕ್ಕೆ 60,000 ರೂ.

ಈಗ ಸಂಸ್ಥೆ ಜಾಲತಾಣ ತೆರೆಯುತ್ತದೆ. ಮಾರಾಟದ ಪೂರಕ ತಂತ್ರಾಂಶದಲ್ಲಿ ‘ಎಲ್ಲಿಗೆ ಮಾರಾಟ’ ಎಂಬ ಆಯ್ಕೆಗೆ ‘ಭಾರತ’ ಎಂದು ಗುರುತು ಹಾಕಲಾಗುತ್ತದೆ. ಪುಣೆಯ ಗ್ರಾಹಕನೊಬ್ಬ ಅರ್ಧ ಕಿಲೋ ಪುಡಿಗೆ ಹಣ ಪಾವತಿಸುತ್ತಾನೆ, ಪೊಟ್ಟಣ ಅಂಚೆಯಲ್ಲಿ ಹೋಗುತ್ತದೆ. ಅದು ಅಂತರರಾಜ್ಯ ಸರಬರಾಜು. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಸರಕುಗಳ ಅಂತರರಾಜ್ಯ ಮಾರಾಟ ಮಾಡುವಂತಿಲ್ಲ. ಆ ದಿನದಿಂದಲೇ ಸಂಸ್ಥೆಯು ಪದ್ಧತಿಯ ಅರ್ಹತೆಯನ್ನು ಕಳೆದುಕೊಂಡು, ಸಾಮಾನ್ಯ ಕ್ರಮದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. ಏಳು ದಿನಗಳೊಳಗೆ ನಿಗದಿತ ನಮೂನೆಯಲ್ಲಿ ತಿಳಿವಳಿಕೆಯನ್ನೂ ಕೊಡಬೇಕು.

ಇದರ ಪರಿಣಾಮವನ್ನು ಪೂರ್ಣ ವರ್ಷಕ್ಕೆ ಲೆಕ್ಕಹಾಕಿ ನೋಡಬಹುದು. ಹುರಿದ ಕಾಫಿಗೆ ತೆರಿಗೆ ಶೇ. 5. ಗರಿಷ್ಠ ಬೆಲೆಯಲ್ಲಿ ತೆರಿಗೆ ಅಡಕವಾಗಿರುವುದರಿಂದ, ಬೆಲೆ ಏರಿಸದಿದ್ದಲ್ಲಿ 60 ಲಕ್ಷ ರೂ.ಗಳಲ್ಲಿನ ತೆರಿಗೆ 60,00,000 × 5 ÷ 105, ಅಂದರೆ 2,85,714 ರೂ. ಮೊದಲಿನ 60,000 ರೂ.ಗಳಿಗೆ ಹೋಲಿಸಿದರೆ ಹೆಚ್ಚಳ 2,25,714 ರೂ. ಇದರಲ್ಲಿ ಹೂಡುವಳಿ ತೆರಿಗೆಯನ್ನು ಕಳೆಯಬಹುದಾದರೂ, ಹುರಿಯದ ಕಾಫಿ ಬೀಜಕ್ಕೆ ತೆರಿಗೆ ವಿನಾಯಿತಿ ಇರುವ ಕಾರಣ ಮುಖ್ಯ ಕಚ್ಚಾವಸ್ತುವಿನ ಮೇಲೆ ಕಳೆಯಲು ಏನೂ ಇರುವುದಿಲ್ಲ. ಪೊಟ್ಟಣದ ಸಾಮಗ್ರಿ, ಯಂತ್ರ, ಬಾಡಿಗೆ ಇತ್ಯಾದಿಗಳ ಮೇಲಿನ ತೆರಿಗೆಯಷ್ಟೇ ದೊರೆಯುವುದು.

ನೋಂದಣಿಯೇ ಇಲ್ಲದ ಸಣ್ಣ ವರ್ತಕರ ಸ್ಥಿತಿಯೂ ಇಂಥದೇ. ಕರ್ನಾಟಕದಲ್ಲಿ ಸರಕುಗಳ ವರ್ತಕರಿಗೆ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿಯ ವಿನಾಯಿತಿ ಇದೆ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ.

ಹಾಗೆಂದು ಹೊರರಾಜ್ಯದ ವ್ಯಾಪಾರ ಬೇಡವೆಂದಲ್ಲ. ಮೊದಲು ಲೆಕ್ಕ ಹಾಕಬೇಕು. ಮೇಲಿನ ಉದಾಹರಣೆಯಲ್ಲಿ, ಹೊರಗಿನ ಮಾರಾಟದಿಂದ ಬರುವ ಹೆಚ್ಚುವರಿ ಲಾಭವು ತೆರಿಗೆಯ ಹೆಚ್ಚಳವನ್ನು ಮೊದಲು ತುಂಬಿಕೊಡಬೇಕು. ತೆರಿಗೆ ಕಳೆದು ಶೇ. 25ರ ಲಾಭಾಂಶ ಉಳಿಯುವುದಾದರೆ, ಸುಮಾರು ಒಂಬತ್ತು ಲಕ್ಷ ರೂ.ಗಳ ಹೊರರಾಜ್ಯದ ಮಾರಾಟ ಆಗುವವರೆಗೆ ಸಂಸ್ಥೆಗೆ ಏನೂ ಉಳಿಯದು. ಅಷ್ಟು ಮಾರಾಟದ ಭರವಸೆ ಇದ್ದರೆ ಆರ್ಥಿಕ ವರ್ಷದ ಆರಂಭದಿಂದಲೇ ಸಾಮಾನ್ಯ ಕ್ರಮಕ್ಕೆ ಬರುವುದು ಲೇಸು. ಇಲ್ಲವಾದರೆ, ವೂಕಾಮರ್ಸ್‌ನಲ್ಲಿ ಸಾಗಣೆ ವಲಯವನ್ನು ‘ಕರ್ನಾಟಕ’ ಎಂಬ ಒಂದೇ ರಾಜ್ಯಕ್ಕೆ ಸೀಮಿತಗೊಳಿಸಿ, ಉಳಿದ ಪ್ರದೇಶಗಳಿಗೆ ಯಾವ ಸಾಗಣೆ ವಿಧಾನವನ್ನೂ ನೀಡದೆ ಬಿಡಬೇಕು. ಆಗ ಹೊರರಾಜ್ಯದ ವಿಳಾಸಕ್ಕೆ ಆದೇಶ ಪೂರ್ಣಗೊಳ್ಳುವುದಿಲ್ಲ. ‘ಸದ್ಯಕ್ಕೆ ಕರ್ನಾಟಕದೊಳಗೆ ಮಾತ್ರ ಸರಬರಾಜು’ ಎಂದು ಮುಖಪುಟದಲ್ಲಿ ಬರೆಯುವುದೂ ಸೂಕ್ತ. ತಾಣವನ್ನು ಬಿಡುಗಡೆ ಮಾಡುವ ಮುನ್ನ ಹೊರರಾಜ್ಯದ ವಿಳಾಸವೊಂದನ್ನು ತುಂಬಿ ಪರೀಕ್ಷಿಸಿ ನೋಡಬೇಕು.

ಸ್ವಂತ ತಾಣದಲ್ಲಿ ಸ್ವಂತ ಸರಕನ್ನಷ್ಟೇ ಮಾರುವವರು, ಇ-ವಾಣಿಜ್ಯ ನಿರ್ವಾಹಕರು ಮೂಲದಲ್ಲಿ ಸಂಗ್ರಹಿಸುವ ತೆರಿಗೆಯನ್ನು ಸಂಗ್ರಹಿಸಬೇಕಾಗಿಲ್ಲ. ನೆರೆಯ ಬೆಳೆಗಾರರ ಸರಕನ್ನು ಅವರ ಹೆಸರಿನಲ್ಲಿಯೇ ತಾಣದಲ್ಲಿ ಮಾರಿಸಿ ಹಣವನ್ನು ತಾವು ಪಡೆಯತೊಡಗಿದರೆ ಮಾತ್ರ ಆ ಹೊಣೆ ಬರುತ್ತದೆ.

7. ಬಿಲ್ಲು ಮತ್ತು ಬಂದ ಹಣ

ಸಾಮಾನ್ಯ ಕ್ರಮದಲ್ಲಿ ಇರುವ ಸಂಸ್ಥೆಗೆ ತಾಣದಲ್ಲಿ 1,000 ರೂ.ಗಳ ಆದೇಶ ಬಂದಿದೆ ಎಂದಿಟ್ಟುಕೊಳ್ಳಿ. ತಂತ್ರಾಂಶದಲ್ಲಿ ‘ಬೆಲೆಯಲ್ಲಿ ತೆರಿಗೆ ಸೇರಿದೆ’ ಎಂಬ ಆಯ್ಕೆ ಇರಬೇಕು. ಆಗ ಸರಕಿನ ಮೌಲ್ಯ 952.38 ರೂ., ತೆರಿಗೆ 47.62 ರೂ. ಗ್ರಾಹಕ ಕರ್ನಾಟಕದವನಾದರೆ ಈ ತೆರಿಗೆ ಕೇಂದ್ರಕ್ಕೂ ರಾಜ್ಯಕ್ಕೂ 23.81 ರೂ.ಗಳಂತೆ ಹಂಚಿಕೆಯಾಗುತ್ತದೆ, ಹೊರರಾಜ್ಯದವನಾದರೆ ಪೂರ್ತಿ ಸಮಗ್ರ ತೆರಿಗೆ. ಸಾಗಣೆ ವೆಚ್ಚವನ್ನು ಗ್ರಾಹಕನಿಂದ ಪಡೆದಲ್ಲಿ ಅದಕ್ಕೂ ಮುಖ್ಯ ಸರಕಿನ ದರವೇ ಅನ್ವಯ.

ಪಾವತಿ ಗೇಟ್‌ವೇ ಸಂಸ್ಥೆ ಶೇ. 2ರಷ್ಟು ಶುಲ್ಕವನ್ನೂ ಅದರ ಮೇಲೆ ಶೇ. 18 ತೆರಿಗೆಯನ್ನೂ ಮುರಿದುಕೊಂಡರೆ, ಕಡಿತ 23.60 ರೂ.; ಬ್ಯಾಂಕಿಗೆ ಜಮೆಯಾಗುವುದು 976.40 ರೂ. ಅನೇಕರು ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟವೆಂದು ಬರೆಯುತ್ತಾರೆ. ಇದು ತಪ್ಪು. ಬಿಲ್ಲಿನ ಮೊತ್ತ 1,000 ರೂ.; 20 ರೂ. ಶುಲ್ಕವು ಖರ್ಚು, 3.60 ರೂ. ಹೂಡುವಳಿ ತೆರಿಗೆ. ಹೀಗೆ ಬರೆಯದಿದ್ದರೆ ಮಾರಾಟ ಕಡಿಮೆಯೆಂದು ಕಾಣುವುದಲ್ಲದೆ, ನ್ಯಾಯವಾಗಿ ಬರಬೇಕಾದ ಜಮೆಯೂ ಕೈತಪ್ಪುತ್ತದೆ.

ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು ಮತ್ತು 16 ಅಕ್ಷರಗಳನ್ನು ಮೀರಬಾರದು ಎಂಬುದು ಜಿ.ಎಸ್.ಟಿ. ನಿಯಮ. ವೂಕಾಮರ್ಸ್ ಕೊಡುವ ಆದೇಶ ಸಂಖ್ಯೆ ಅನುಕ್ರಮವಾಗಿ ಇರುವುದಿಲ್ಲ. 112ರ ನಂತರ 119 ಬರಬಹುದು. ಆದೇಶ ಸಂಖ್ಯೆಯನ್ನೇ ಬಿಲ್ಲಿನ ಸಂಖ್ಯೆಯಾಗಿ ಬಳಸಿದರೆ, ನಡುವಿನ ಬಿಲ್ಲುಗಳೆಲ್ಲಿ ಎಂಬ ಪ್ರಶ್ನೆಗೆ ಪರಿಶೀಲನೆಯ ವೇಳೆ ಉತ್ತರಿಸಬೇಕಾಗುತ್ತದೆ. ಬಿಲ್ಲಿಗೆ ಪ್ರತ್ಯೇಕ ಅನುಕ್ರಮವನ್ನು ಇರಿಸಿಕೊಳ್ಳಬೇಕು.

8. ತಾಣದ ವೆಚ್ಚ ಪುಸ್ತಕದಲ್ಲಿ

ಡೊಮೈನ್ ಮತ್ತು ಹೋಸ್ಟಿಂಗ್ ಶುಲ್ಕಗಳು ಅವಧಿಯ ಖರ್ಚುಗಳು. ಅಕ್ಟೋಬರ್ 1ರಂದು ಮೂರು ವರ್ಷಗಳಿಗೆ 9,000 ರೂ. ಒಮ್ಮೆಗೆ ಕಟ್ಟಿದರೆ, ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಪಾಲು 1,500 ರೂ. ಮಾತ್ರ, ಉಳಿದ 7,500 ರೂ. ಮುಂಗಡ ಪಾವತಿ. ನಂತರದ ಎರಡು ವರ್ಷಗಳಿಗೆ 3,000 ರೂ.ಗಳಂತೆ, ಕೊನೆಯ ವರ್ಷಕ್ಕೆ 1,500 ರೂ.

ತಾಣವನ್ನು ಸಿದ್ಧಪಡಿಸಲು ಕೊಟ್ಟ ಹಣದ ವಿಚಾರದಲ್ಲಿ ಲೆಕ್ಕಪತ್ರ ಮಾನಕ 26 ಅನ್ವಯಿಸುತ್ತದೆ. ಕೇವಲ ಪ್ರಚಾರಕ್ಕೆಂದು ಇರುವ ತಾಣದ ವೆಚ್ಚವನ್ನು ಆ ವರ್ಷದ ಖರ್ಚೆಂದು ಬರೆಯುವುದು ಸರಿ. ಆದೇಶ ಸ್ವೀಕರಿಸಿ ವರಮಾನ ತರುವ ತಾಣವಾದರೆ ಅಮೂರ್ತ ಆಸ್ತಿಯೆಂದು ದಾಖಲಿಸಿ, ಉಪಯುಕ್ತ ಅವಧಿಗೆ ಹಂಚಬಹುದು, 45,000 ರೂ. ವೆಚ್ಚವನ್ನು ಮೂರು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 15,000 ರೂ. ಆದಾಯ ತೆರಿಗೆಯ ದೃಷ್ಟಿ ಇದಕ್ಕಿಂತ ಭಿನ್ನವಾಗಿರಬಹುದು. ಜಾಲತಾಣದ ವೆಚ್ಚವು ಕಂದಾಯ ಸ್ವರೂಪದ್ದೆಂದು ದೆಹಲಿ ಉಚ್ಚ ನ್ಯಾಯಾಲಯವು 2008ರಲ್ಲಿ ಇಂಡಿಯನ್ ವಿಸಿಟ್ ಡಾಟ್ ಕಾಂ ಸಂಸ್ಥೆಯ ಪ್ರಕರಣದಲ್ಲಿ ತೀರ್ಪಿತ್ತಿದೆ.

ಥೀಮನ್ನು ವಿದೇಶಿ ಮಾರಾಟಗಾರನಿಂದ ಕೊಂಡಲ್ಲಿ ಅದು ಸೇವೆಯ ಆಮದು. ಜಿ.ಎಸ್.ಟಿ. ನೋಂದಾಯಿತ ವರ್ತಕನು ರಿವರ್ಸ್ ಚಾರ್ಜ್ ಅಡಿಯಲ್ಲಿ ತಾನೇ ತೆರಿಗೆ ಕಟ್ಟಬೇಕು. 6,000 ರೂ. ಬೆಲೆಯ ಥೀಮಿಗೆ ಶೇ. 18ರಂತೆ 1,080 ರೂ. ಸಾಮಾನ್ಯ ಕ್ರಮದವರು ಇದನ್ನು ನಗದಿನಲ್ಲಿ ಕಟ್ಟಿ ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಅದು ವೆಚ್ಚವೇ. ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಿದ ಸಣ್ಣ ಮೊತ್ತವೆಂದು ಇದು ಕಣ್ತಪ್ಪುವುದೇ ಹೆಚ್ಚು.

9. ಸ್ವಂತ ತೋಟದ ಕಾಫಿ ಮಾರುವವರಿಗೆ

ಬೆಳೆಗಾರರೇ ವರ್ತಕರೂ ಆಗಿರುವುದು ಈ ಭಾಗದಲ್ಲಿ ಸಾಮಾನ್ಯ. ಆದಾಯ ತೆರಿಗೆ ನಿಯಮಗಳಲ್ಲಿ ಕಾಫಿಗೆಂದೇ ಇರುವ ವಿಶೇಷ ವಿಧಿಯ ಪ್ರಕಾರ, ತಾವು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದಾಗ ಆದಾಯದ ಶೇ. 25 ಭಾಗ ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದಾಗ ವ್ಯಾಪಾರದ ಭಾಗ ಶೇ. 40. ಜಾಲತಾಣದಲ್ಲಿ ಪುಡಿಯನ್ನೂ, ಕ್ಯೂರಿಂಗ್ ವರ್ಕ್ಸ್ ಮೂಲಕ ಬೀಜವನ್ನೂ ಮಾರುವವರು ಎರಡರ ಲೆಕ್ಕವನ್ನು ಪ್ರತ್ಯೇಕವಾಗಿ ಇಡದಿದ್ದರೆ, ಎಲ್ಲವೂ ಹೆಚ್ಚಿನ ಪ್ರಮಾಣಕ್ಕೆ ಒಳಪಡಬೇಕೆಂಬ ವಾದಕ್ಕೆ ಎಡೆಯಾಗುತ್ತದೆ. ಹುರಿಯಲು ತೆಗೆದ ಬೀಜದ ತೂಕ, ದಿನಾಂಕ, ಹುರಿದ ನಂತರದ ತೂಕ ಇವುಗಳ ದಾಖಲೆ ಅವಶ್ಯ.

10. ಕಾಪು

ಸುರಕ್ಷತಾ ಪ್ರಮಾಣಪತ್ರ ಇಲ್ಲದ ತಾಣವನ್ನು ಬ್ರೌಸರುಗಳು ಅಸುರಕ್ಷಿತವೆಂದು ತೋರಿಸುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ ಮೂಲಕ ಇದು ಉಚಿತವಾಗಿಯೇ ದೊರೆಯುತ್ತದೆ. ತಂತ್ರಾಂಶ, ಥೀಮ್ ಮತ್ತು ಪೂರಕಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ಪರಿಷ್ಕರಿಸುವ ಮುನ್ನ ಪೂರ್ಣ ಪ್ರತಿ ತೆಗೆದು ಬೇರೆಡೆ ಇಡಬೇಕು. ಬಳಸದ ಥೀಮುಗಳನ್ನು ತೆಗೆದುಹಾಕಬೇಕು. ತಾಣದ ಆಡಳಿತದ ಗುಪ್ತಪದವನ್ನು ಗುಮಾಸ್ತನೊಡನೆ ಹಂಚಿಕೊಳ್ಳುವ ಬದಲು ಅವನಿಗೆ ಸೀಮಿತ ಅಧಿಕಾರದ ಪ್ರತ್ಯೇಕ ಖಾತೆಯನ್ನು ಕೊಡಬೇಕು. ಆದೇಶಗಳ ಪಟ್ಟಿಯನ್ನು ಪ್ರತಿ ತಿಂಗಳೂ ಇಳಿಸಿಕೊಂಡು ಬಿಲ್ಲು ಮತ್ತು ಬ್ಯಾಂಕ್ ಖಾತೆಯೊಡನೆ ತಾಳೆ ನೋಡಿದರೆ, ವರ್ಷಾಂತ್ಯದ ತೊಡಕು ತಪ್ಪುತ್ತದೆ.

ಕೆಲಸದ ಕ್ರಮ

ವರ್ತಕ ಬಾಂಧವರು ಕೆಲಸವನ್ನು ಈ ಕ್ರಮದಲ್ಲಿ ಕೈಗೊಳ್ಳಬಹುದು. ಮೊದಲು, ಮಾರಾಟ ರಾಜ್ಯದೊಳಗೋ ಹೊರಗೂ ಉಂಟೋ ಎಂಬುದನ್ನು ತೆರಿಗೆ ಲೆಕ್ಕದೊಡನೆ ನಿರ್ಧರಿಸುವುದು. ಎರಡನೆಯದು, ಸಂಸ್ಥೆಯ ಹೆಸರಿನಲ್ಲಿ ಡೊಮೈನ್ ಮತ್ತು ಹೋಸ್ಟಿಂಗ್. ಮೂರನೆಯದು, ಹಗುರವಾದ, ಪರಿಷ್ಕರಣೆ ನಡೆಯುತ್ತಿರುವ ಥೀಮ್ ಮತ್ತು ಅದರ ಉಪವಿನ್ಯಾಸ. ನಾಲ್ಕನೆಯದು, ಯುನಿಕೋಡ್ ಕನ್ನಡದಲ್ಲಿ ಸರಕಿನ ವಿವರ ಹಾಗೂ ಕಾನೂನಿನ ಘೋಷಣೆಗಳು. ಐದನೆಯದು, ಸಾಗಣೆ ವಲಯ, ತೆರಿಗೆ ದರ, ಬಿಲ್ಲಿನ ಅನುಕ್ರಮಗಳ ಪರೀಕ್ಷೆ. ಇಷ್ಟೂ ಆದ ಮೇಲೆಯೇ ತಾಣದ ವಿಳಾಸವನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಯೋಗ್ಯ. ಒಮ್ಮೆ ಮುದ್ರಿಸಿದ ಪೊಟ್ಟಣ ಊರೂರು ತಿರುಗುತ್ತದೆ, ಅದನ್ನು ಹಿಂದಕ್ಕೆ ಕರೆಯುವುದು ಸುಲಭವಲ್ಲ.